ಎರಡು ಮಿಲಿಮೀಟರಿನ ಆಳ

ಮ್ಯಾಕ್ರೋ ಲೆನ್ಸನ್ನು ತೊಡಿಸಿದ ಕ್ಯಾಮೆರಾದಿಂದ ಒಂದು ವಸ್ತುವನ್ನು ಅದರ ನಿಜವಾದ ಗಾತ್ರದಲ್ಲಿಯೇ, ಎಂದರೆ ಒಂದಕ್ಕೆ ಒಂದೆಂಬ ಪ್ರಮಾಣದಲ್ಲಿ, ಚಿತ್ರಿಸಲು ಹೊರಟವನಿಗೆ ಮೊಟ್ಟಮೊದಲು ಅನುಭವಕ್ಕೆ ಬರುವುದು ಬಡತನ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿಯೂ ಅವನ ಪಾಲಿಗೆ ದೊರೆಯುವ ದೃಶ್ಯದ ವಿಸ್ತಾರ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ; ಅಪರ್ಚರನ್ನು ಎಫ್/16ರಷ್ಟು ಕಿರಿದುಗೊಳಿಸಿದ ಮೇಲೂ ಸ್ಫುಟವಾಗಿ ಕಾಣುವ ಆಳ ಸುಮಾರು 2 ಮಿಲಿಮೀಟರ್ ಮಾತ್ರ; ಅದಕ್ಕಿಂತಲೂ ಕಿರಿದುಗೊಳಿಸಿದರೆ ಬೆಳಕಿನ ಅಲೆಗಳು ಆ ಸಣ್ಣ ಕಂಡಿಯ ಅಂಚಿನಲ್ಲಿ ಚದುರಿ ಚಿತ್ರದ ಮೊನಚು ಮಾಯವಾಗತೊಡಗುತ್ತದೆ. ಅಷ್ಟು ಸಮೀಪದ ನೋಟದಲ್ಲಿ ಒಳಗೆ ಬರುವ ಬೆಳಕು, ದೂರದ ದೃಶ್ಯಕ್ಕೆ ದೊರೆಯುವುದರ ಕಾಲುಭಾಗಕ್ಕೆ ಇಳಿಯುವುದರಿಂದ, ಶಟರು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಎಲೆಯೊಂದು ಅಲುಗಿದರೂ ಚಿತ್ರ ಕೈತಪ್ಪಿದಂತೆಯೇ.

ಈ ಎರಡು ಮಿಲಿಮೀಟರುಗಳನ್ನು ಎಲ್ಲಿ ನಿಲ್ಲಿಸಬೇಕು, ಉಳಿದುದೆಲ್ಲವನ್ನೂ ಹೇಗೆ ನಿಶ್ಚಿಂತೆಯಿಂದ ಮಸುಕಿಗೆ ಒಪ್ಪಿಸಬೇಕು ಎಂಬ ವಿವೇಕವೇ ಸಮೀಪಚಿತ್ರಣದ ಸರ್ವಸ್ವವೆಂದು ನಾನು ನಂಬಿದ್ದೇನೆ. ಲೆನ್ಸಿನ ಬೆಲೆಗೂ ಈ ವಿವೇಕಕ್ಕೂ ಸಂಬಂಧವಿಲ್ಲ. ಹಳೆಯ 50 ಮಿಲಿಮೀಟರ್ ಲೆನ್ಸೊಂದನ್ನು ಅಗ್ಗದ ಉಂಗುರದ ಸಹಾಯದಿಂದ ಹಿಂದುಮುಂದಾಗಿ ಜೋಡಿಸಿದರೂ ಈ ಲೋಕದೊಳಕ್ಕೆ ಪ್ರವೇಶ ದೊರೆಯುತ್ತದೆ. ನನಗೆ ಈ ವಿವೇಕವನ್ನು ಕಲಿಸಿದುದು ತೀರ್ಥಹಳ್ಳಿ ಸೀಮೆಯ ತೋಟ ಗದ್ದೆಗಳ ಋತುಚಕ್ರ.

ಬೇಸಗೆಯ ಪಾಠ ಹ್ರಸ್ವವಾದದ್ದು. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿ ಗಿಡಗಳು ಒಮ್ಮೆಲೇ ಅರಳಿ ನಿಂತಾಗ, ಚೈತ್ರದ ಬಿಸಿಲು ಆ ಬಿಳುಪನ್ನೆಲ್ಲ ವಿವರವಿಲ್ಲದಂತೆ ಮಾಡಿಬಿಡುತ್ತದೆ. ಹೂವಿಗೂ ಸೂರ್ಯನಿಗೂ ನಡುವೆ ಬಿಳಿಯ ಪಂಚೆಯೊಂದನ್ನು ಅಡ್ಡ ಹಿಡಿದರೆ ಎಸಳಿನ ನವಿರೂ ಎರಡಾಗಿ ಸೀಳಿದ ಶಲಾಕಾಗ್ರವೂ ಕಾಣಬರುತ್ತವೆ. ಹೂವು ಬಾಡುವುದು ಎರಡು ಮೂರು ದಿನಗಳಲ್ಲಿ. ಆದಕಾರಣ ಪಂಚೆ ಹಿಡಿಯುವವರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.

ಮಳೆಗಾಲದ ಪಾಠವಾದರೋ ದೀರ್ಘವಾದದ್ದು. ಮೃಗಶಿರಾ ಮಳೆ ನೆಲವನ್ನು ನೆನೆಸಿದ ಬೆಳಗ್ಗೆ ತೋಟದ ದರೆಯ ಮೇಲೆ, ಜೇಡನ ಬಳಗಕ್ಕೆ ಸೇರಿದ, ಮಖಮಲ್ಲಿನ ಮೈಯ ಎಂಟು ಕಾಲಿನ ಕೆಂಪು ಜೀವಿಗಳು ಹೊರಬಂದು ಅಲ್ಪಕಾಲ ಸಂಚರಿಸಿ ಮತ್ತೆ ಮಣ್ಣಿನೊಳಗೆ ಮರೆಯಾಗುತ್ತವೆ. ಅನಂತರ ಆರಿದ್ರಾ, ಪುನರ್ವಸು ಮಳೆಗಳು ಹಿಡಿದುವೆಂದರೆ ಹೊರಗೆ ಕಾಲಿಡುವಂತಿಲ್ಲ. ಮಲೆನಾಡಿನ ಆ ತೇವದಲ್ಲಿ ಲೆನ್ಸಿನ ಗಾಜಿನ ಒಳಮೈಗೂ ಬೂಷ್ಟು ಹಿಡಿಯುವುದರಿಂದ, ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಹಾಕಿ ಬಿಗಿಯಾಗಿ ಮುಚ್ಚಿದ ಡಬ್ಬಿಯೇ ಅದಕ್ಕೆ ವಾಸಸ್ಥಾನ. ಕಣ್ಣು ಆಗ ಮನೆಯೊಳಗಣ ವಸ್ತುಗಳ ಕಡೆಗೆ ತಿರುಗುತ್ತದೆ.

ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರದಿಂದ ಬಂದ ಕಲ್ಲುಪ್ಪಿನ ಹರಳೊಂದನ್ನು ಕಪ್ಪು ಸ್ಲೇಟಿನ ಮೇಲಿರಿಸಿ, ಅಡುಗೆಮನೆಯ ಕಿಟಕಿಯ ಬೆಳಕು ಒಂದೇ ಮಗ್ಗುಲಿನಿಂದ ಬೀಳುವಂತೆ ಮಾಡಿ ನೋಡಬೇಕು. ಬಿಸಿಲಿಗೆ ಉಪ್ಪುನೀರು ಆರುತ್ತಾ ಹರಳುಗಟ್ಟುವಾಗ ಅಂಚುಗಳು ಬೇಗ ಬೆಳೆದು ನಡುಭಾಗ ಹಿಂದುಳಿಯುವುದರಿಂದ, ಆ ಪುಟ್ಟ ಘನದ ಮುಖದಲ್ಲಿ ದೇವಸ್ಥಾನದ ಪುಷ್ಕರಿಣಿಯ ಸೋಪಾನಗಳಂತೆ ಚೌಕ ಚೌಕವಾಗಿ ಒಳಗಿಳಿಯುವ ಮೆಟ್ಟಿಲುಗಳು ಏರ್ಪಟ್ಟಿರುತ್ತವೆ. ಆಷಾಢದ ಗಾಳಿಯಲ್ಲಿ ಅದೇ ಹರಳು, ತನ್ನಲ್ಲಿ ಬೆರೆತ ಮೆಗ್ನೀಸಿಯಮ್ ಲವಣಗಳು ತೇವವನ್ನು ಹೀರಿಕೊಳ್ಳುವ ಕಾರಣ, ಬೆವರತೊಡಗುತ್ತದೆ. ಮೂಲೆಗಳು ಮೊದಲು ಕರಗಿ ದುಂಡಗಾಗುತ್ತವೆ, ಆಮೇಲೆ ಮೆಟ್ಟಿಲುಗಳು. ಮಳೆ ಹೊಳವಾದ ದಿನ ಕೊನೆಗಾರನು ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆದು ಹೋದ ಮೇಲೆ ಅಡಿಕೆಯ ಎಳೆಗಾಯಿಗಳ ಮೈಮೇಲೆ ಒಣಗಿ ಉಳಿಯುವ ಮೈಲುತುತ್ತದ ತಿಳಿನೀಲಿ ಚುಕ್ಕೆಗಳೂ ಹೀಗೆಯೇ ನೋಡತಕ್ಕವು. ದುಡಿಮೆಯ ಗುರುತುಗಳಿಗೆ ಹೂವಿಗಿಂತ ಕಡಮೆಯಾದ ಚೆಲುವಿಲ್ಲ.

ಹಸ್ತ, ಚಿತ್ತೆ ಮಳೆಗಳ ನಡುನಡುವೆ ತೆರಪು ದೊರೆಯುವ ಆಶ್ವಯುಜದ ಮುಂಜಾವಿನಲ್ಲಿ, ಭತ್ತದ ಗರಿಯ ತುದಿಯಲ್ಲಿ ನಿಂತ ಹನಿಗಳನ್ನು ನಾನು ಬಹುಕಾಲ ಇಬ್ಬನಿಯೆಂದೇ ಕರೆಯುತ್ತಿದ್ದೆನು. ಕಳೆ ತೆಗೆಯಲು ಬಂದಿದ್ದ ವೃದ್ಧೆಯೊಬ್ಬರು, "ಅದು ಇಬ್ನಿ ಅಲ್ಲ ಅಯ್ಯಾ. ಮೋಡ ಕಟ್ಟಿದ ರಾತ್ರೀನೂ ಇರ್ತದೆ ನೋಡಿ. ಗದ್ದೇಲಿ ನೀರಿರೋವರೆಗೂ ಬರ್ತದೆ" ಎಂದರು. ಅವರ ಮಾತು ಅಕ್ಷರಶಃ ಸತ್ಯ. ಇಬ್ಬನಿ ಕಟ್ಟುವುದು ನಿರ್ಮಲವಾದ ಆಕಾಶದ ರಾತ್ರಿಗಳಲ್ಲಿ, ಗಾಳಿಯ ತೇವದಿಂದ, ಎಲೆಯ ಮೈಯೆಲ್ಲ ಸೂಕ್ಷ್ಮವಾದ ಮಣಿಗಳಾಗಿ. ಈ ಹನಿಯಾದರೋ ರಾತ್ರಿಯೆಲ್ಲ ಬೇರು ಹೀರಿದ ನೀರು ಒತ್ತಡದಿಂದ ಮೇಲೇರಿ ಗರಿಯ ತುದಿಯ ರಂಧ್ರಗಳಲ್ಲಿ ಹೊರಹೊಮ್ಮಿದುದು, ಗಿಡದ ಒಳಗನ್ನು ಹಾದು ಬಂದುದು.

ಆ ಹನಿಯಲ್ಲಿ ಹಿಂದಿನ ಗದ್ದೆ, ಅದರಾಚೆಯ ಅಡಿಕೆಮರಗಳ ಸಾಲು, ಎಲ್ಲವೂ ತಲೆಕೆಳಗಾಗಿ ಕಾಣುತ್ತವೆ. ಆದರೆ ಆ ಬಿಂಬವಿರುವುದು ಹನಿಯ ಒಳಗಲ್ಲ. ದುಂಡನೆಯ ನೀರು ತಾನೇ ಒಂದು ಲೆನ್ಸಾಗಿ ಬೆಳಕನ್ನು ಬಾಗಿಸುವುದರಿಂದ, 2 ಮಿಲಿಮೀಟರ್ ಅಗಲದ ಹನಿಯ ಬಿಂಬವು ಹನಿಯ ನಡುವಿನಿಂದ ಸುಮಾರು 2 ಮಿಲಿಮೀಟರ್ ಈಚೆಗೆ, ಕ್ಯಾಮೆರಾದ ಕಡೆಗೆ, ಶೂನ್ಯದಲ್ಲಿ ನಿಂತಿರುತ್ತದೆ. ಗರಿಯ ಅಂಚನ್ನೂ ಅದರಿಂದ ಜೋತ ನೀರಿನ ಹೊರರೇಖೆಯನ್ನೂ ಸ್ಫುಟಗೊಳಿಸಿದರೆ ಗದ್ದೆ ಕರಗಿಹೋಗುತ್ತದೆ. ಗದ್ದೆಯನ್ನು ಹಿಡಿದರೆ ಹನಿಯ ಅಂಚು ಮಸುಕಾಗುತ್ತದೆ. ಎರಡೂ ಒಮ್ಮೆಗೇ ನಮಗೆ ದಕ್ಕುವುದಿಲ್ಲ. ಟ್ರೈಪಾಡನ್ನು ಕೆಸರಿನಲ್ಲಿ ಊರಿ, ಫೋಕಸಿನ ಉಂಗುರವನ್ನು ಮುಟ್ಟದೆ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತಾ, ಇಂದು ನಾನು ನೋಡಬಂದುದು ನೀರನ್ನೋ ನೀರು ತೋರಿಸುವ ಲೋಕವನ್ನೋ ಎಂದು ನಿಶ್ಚಯಿಸಿಕೊಳ್ಳುವ ಆ ಕೆಲವು ಕ್ಷಣಗಳಷ್ಟು ಏಕಾಗ್ರತೆಯನ್ನು ನಾನು ಬೇರಾವ ಕೆಲಸದಲ್ಲಿಯೂ ಕಂಡವನಲ್ಲ.

ಮಾಗಿಯ ಚಳಿಯಲ್ಲಿ ಕೀಟಗಳ ಸರದಿ. ಅವುಗಳ ಮೈಬಿಸಿ ಹೊರಗಣ ಹವೆಯನ್ನು ಅವಲಂಬಿಸಿರುವುದರಿಂದ, ಬಿಸಿಲು ಏರುವ ತನಕ ಅವು ಕಡ್ಡಿಗೆ ಅಂಟಿ ನಿಶ್ಚಲವಾಗಿರುತ್ತವೆ. ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಡ್ರ್ಯಾಗನ್‌ಫ್ಲೈಯ ಸಾವಿರಾರು ಷಟ್ಕೋನಗಳ ಕಣ್ಣನ್ನು ಆಗ ಸಾವಧಾನವಾಗಿ ನೋಡಬಹುದು. ಇಂಥ ಚಿತ್ರಕ್ಕಾಗಿ ಕೀಟವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರುಂಟು. ಅದನ್ನು ನಾನು ಕ್ರೌರ್ಯವೆಂದೇ ತಿಳಿಯುತ್ತೇನೆ; ಪುಷ್ಯಮಾಸದ ಮಂಜು ತಾನಾಗಿ ಕೊಡುವುದನ್ನು ಕಾದು ಪಡೆಯಲಾರದವನು ಆ ಚಿತ್ರಕ್ಕೆ ಅರ್ಹನಲ್ಲ.

ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸಿ ತೆಗೆದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ, ವಸ್ತುವಿನ ಆದ್ಯಂತವೂ ಸ್ಫುಟವಾಗಿರುವಂತೆ ಮಾಡುವ ವಿಧಾನ ಈಗ ಬಳಕೆಗೆ ಬಂದಿದೆ. ಉಪ್ಪಿನ ಹರಳಿಗೆ ಅದನ್ನು ನಾನೂ ಸಂತೋಷದಿಂದ ಬಳಸುತ್ತೇನೆ; ಕೊನೆಯ ಮೆಟ್ಟಿಲಿನವರೆಗೂ ಇಳಿದು ನೋಡಲು ಅದೊಂದೇ ದಾರಿ. ಭತ್ತದ ಗರಿಯ ಹನಿಗೆ ಮಾತ್ರ ಬಳಸುವುದಿಲ್ಲ. ಹನಿಯ ಚಿತ್ರಕ್ಕೆ ಒಂದು ಬೆಳಗನ್ನೂ ಅದು ತೋರುವ ಗದ್ದೆಯ ಚಿತ್ರಕ್ಕೆ ಇನ್ನೊಂದು ಬೆಳಗನ್ನೂ ಮೀಸಲಾಗಿ ಇಟ್ಟುಕೊಂಡಿದ್ದೇನೆ.