ಹಳೆಯ ವಿಮಾನದ ಕಾಣದ ವಯಸ್ಸು

ಕಿಲುಬು ಹಿಡಿದ ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಒಳಗೆ ಕಲಾಯಿ ಹಾಕಿಸಿದರೆ ಅದು ಮತ್ತೆ ಅಡುಗೆಗೆ ಒದಗುತ್ತದೆ. ಮೂಲೆ ಸೇರಿದ ಹಳೆಯ ವಿಮಾನವೊಂದನ್ನು ಇದೇ ರೀತಿ ಒರೆಸಿ, ಬಣ್ಣ ಬಳಿದು ನಿಲ್ಲಿಸಿದರೆ ವಸ್ತುಸಂಗ್ರಹಾಲಯಕ್ಕೆ ಅಷ್ಟು ಸಾಕಾಗಬಹುದು. ಆದರೆ ಅದನ್ನು ಮತ್ತೆ ಹಾರಿಸಬೇಕಾದರೆ ಏನು ಮಾಡಬೇಕು? ಟೈಗರ್ ಮಾತ್ ಎಂಬ ಹೆಸರಾಂತ ಸೇನಾ ಶಿಕ್ಷಣ ವಿಮಾನವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯ ಈ ವಿಮಾನವು ೧೯೩೧ರ ಅಕ್ಟೋಬರ್ ೨೬ರಂದು ಮೊತ್ತಮೊದಲು ಹಾರಿತು. ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆಗಳು, ಒಂದರ ಹಿಂದೊಂದರಂತೆ ಎರಡು ತೆರೆದ ಆಸನಗಳು, ೧೩೦ ಅಶ್ವಶಕ್ತಿಯ ಎಂಜಿನು — ಇಷ್ಟೇ ಇದರ ಸಂಪತ್ತು. ಎಂಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಆಸ್ಟ್ರೇಲಿಯ, ಭಾರತ ಮುಂತಾದ ದೇಶಗಳ ಸಾವಿರಾರು ತರುಣರು ಇದರಲ್ಲಿಯೇ ಹಾರಾಟದ ಓಂಕಾರವನ್ನು ಬರೆದರು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು, ೧೯೫೧ರಲ್ಲಿ ಮೊದಲು ಹಾರಿದ ಎಚ್.ಟಿ.-೨ ವಿಮಾನವು ನಮ್ಮ ವಾಯುಪಡೆಯಲ್ಲಿ ಮುಂದೆ ಇದರ ಸ್ಥಾನವನ್ನು ವಹಿಸಿಕೊಂಡಿತು. ಬಹುಕಾಲದ ಮೇಲೆ, ೨೦೧೨ರ ವಾಯುಪಡೆಯ ದಿನದಂದು, ಜೀರ್ಣೋದ್ಧಾರಗೊಂಡ ಟೈಗರ್ ಮಾತ್ ಒಂದು ಹಿಂಡನ್‌ನಲ್ಲಿ ಮತ್ತೆ ಹಾರಿತು.

ಶಿಕ್ಷಣ ವಿಮಾನದ ಬಾಳು ಬಲು ಕಷ್ಟದ್ದು. ಕಲಿಯುವವನು ಅದನ್ನು ನೆಲಕ್ಕೆ ಧೊಪ್ಪನೆ ಇಳಿಸುತ್ತಾನೆ. ಆಕಾಶದಲ್ಲಿ ಲಾಗ ಹಾಕಿಸುತ್ತಾನೆ. ಆದುದರಿಂದ ಅದರ ವಯಸ್ಸನ್ನು ವರ್ಷಗಳಿಂದ ಎಣಿಸಿದರೆ ಸಾಲದು. ಅದು ಹೊತ್ತ ಭಾರಗಳಿಂದಲೂ ಎಣಿಸಬೇಕು.

ಮರವೂ ಅಂಟೂ

ಟೈಗರ್ ಮಾತ್ ವಿಮಾನದ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು. ರೆಕ್ಕೆಗಳ ತೊಲೆಗಳೂ ಪಕ್ಕೆಲುಬುಗಳೂ ಮರದವು. ಒಣಗಿದ ಒಳ್ಳೆಯ ಮರವು ಬಹುಕಾಲ ಬಾಳುತ್ತದೆ; ಅದನ್ನು ಕೂಡಿಸಿದ ಅಂಟು ಹಾಗೆ ಬಾಳುವುದೆಂದು ಹೇಳುವಂತಿಲ್ಲ. ಆ ಕಾಲದ ಮರದ ವಿಮಾನಗಳಲ್ಲಿ ಹಾಲಿನ ಕೇಸೀನಿನಿಂದ ತಯಾರಿಸಿದ ಅಂಟು ಬಳಕೆಯಲ್ಲಿತ್ತು. ತೇವ ತಗುಲಿದರೆ ಇದು ಮೆತ್ತಗಾಗುವುದು. ಬೂಷ್ಟು ಇದನ್ನು ತಿಂದುಹಾಕುವುದು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಕೂಡಿಕೆ ಒಳಗೆ ಬರಿಯ ಪುಡಿಯಾಗಿರಬಹುದು. ಆದುದರಿಂದ ಜೀರ್ಣೋದ್ಧಾರದ ಮೊದಲ ಕೆಲಸವೆಂದರೆ ಹೊದಿಕೆಯನ್ನು ಪೂರ್ತಿ ಕಿತ್ತು, ಪ್ರತಿಯೊಂದು ಕೂಡಿಕೆಯನ್ನೂ ಪರೀಕ್ಷಿಸುವುದು.

ಬಟ್ಟೆಯ ಬಿಗಿ

ಹೊದಿಕೆಯ ಬಟ್ಟೆಗೆ ಡೋಪ್ ಎಂಬ ಲೇಪವನ್ನು ಬಳಿಯುತ್ತಾರೆ. ಅದರಲ್ಲಿನ ದ್ರಾವಕವು ಆರಿಹೋದಂತೆ ಉಳಿದ ಸೆಲ್ಯುಲೋಸಿನ ಪೊರೆಯು ಕುಗ್ಗಿ, ಬಟ್ಟೆಯನ್ನು ಮೃದಂಗದ ಮುಚ್ಚಿಗೆಯಂತೆ ಬಿಗಿಯುತ್ತದೆ. ಈ ಬಿಗಿಯೇಕೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪೂರ್ಣ ಭಾರದ ವಿಮಾನದ ತೂಕ ಸುಮಾರು ೮೨೮ ಕಿಲೋಗ್ರಾಂ. ರೆಕ್ಕೆಗಳ ವಿಸ್ತೀರ್ಣ ಸುಮಾರು ೨೨.೨ ಚದರ ಮೀಟರು. ಎಂದರೆ ಒಂದೊಂದು ಚದರ ಮೀಟರಿಗೂ ಸುಮಾರು ೩೭ ಕಿಲೋಗ್ರಾಂ ಭಾರ ಬೀಳುತ್ತದೆ. ಲಾಗ ಹಾಕುವಾಗ ಇದು ಮೂರು ಪಟ್ಟಾದರೆ ೧೧೧ ಕಿಲೋಗ್ರಾಂ! ಇದರ ಹೆಚ್ಚಿನ ಪಾಲು ರೆಕ್ಕೆಯ ಮೇಲ್ಮೈಯ ಹೀರಿಕೆಯಿಂದ ಉಂಟಾಗುವುದರಿಂದ, ಬಟ್ಟೆ ಮೇಲಕ್ಕೆ ಕಿತ್ತುಬಾರದಂತೆ ಅದನ್ನು ಪಕ್ಕೆಲುಬುಗಳಿಗೆ ದಾರದಿಂದ ಹೊಲಿದಿರುತ್ತಾರೆ. ಬಿಸಿಲಿನ ಅತಿನೇರಿಳೆ ಕಿರಣಗಳು ನಾರನ್ನು ಕ್ರಮೇಣ ಕೊಳೆಸುತ್ತವೆ. ಆದರೂ ಬಟ್ಟೆಯ ದೋಷವನ್ನು ಕಂಡುಹಿಡಿಯುವುದೂ ಬಟ್ಟೆಯನ್ನು ಬದಲಾಯಿಸುವುದೂ ಸುಲಭ.

ಲೋಹದ ದಣಿವು

ಎಲ್ಲಕ್ಕಿಂತ ಕಪಟಿಯಾದುದು ಲೋಹ. ಹಾರಾಟದಲ್ಲಿ ರೆಕ್ಕೆಗಳು ಮೇಲಕ್ಕೆ ಮಡಿಚಿಕೊಳ್ಳದಂತೆ ಒಡಲಿನ ಬುಡದಿಂದ ಓರೆಯಾಗಿ ಹೊರಟ ತಂತಿಗಳು ತಡೆದು ಹಿಡಿಯುತ್ತವೆ. ತಂತಿ ಓರೆಯಾಗಿರುವುದರಿಂದ ಅದರ ಸೆಳೆತದ ಒಂದು ಅಂಶವು ಒಡಲನ್ನು ಮೇಲಕ್ಕೆತ್ತಿದರೆ, ಇನ್ನೊಂದು ಅಂಶವು ಪಕ್ಕಕ್ಕೆಳೆಯುತ್ತದೆ. ಎಡಗಡೆಯ ತಂತಿಗಳು ಎಡಕ್ಕೂ ಬಲಗಡೆಯವು ಬಲಕ್ಕೂ ಎಳೆಯುವಾಗ, ಒಡಲಿನ ತಳದಲ್ಲಿ ಅಡ್ಡಲಾಗಿ ಹಾಯ್ದಿರುವ ಎರಡು ಉಕ್ಕಿನ ಸರಳುಗಳು ಈ ಎಳೆತವನ್ನು ತಾಳಿಕೊಳ್ಳುತ್ತವೆ. ಹಗ್ಗಜಗ್ಗಾಟದಲ್ಲಿ ನಡುವಿನ ಹಗ್ಗದ ಕೆಲಸವೇ ಇವುಗಳದು.

ತಂತಿಯೊಂದನ್ನು ಒಂದು ಸಲ ಬಗ್ಗಿಸಿದರೆ ಮುರಿಯದು. ಹತ್ತಾರು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಮುರಿಯುತ್ತದೆ. ಇನ್ನೂ ಚಿಕ್ಕ ಭಾರವೂ ಲಕ್ಷಾಂತರ ಸಲ ಬಂದು ಹೋದರೆ ಲೋಹದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಬೆಳೆಯಬಲ್ಲುದು. ಇದೇ ಲೋಹದ ದಣಿವು. ಸರಳಿನ ತುದಿಯಲ್ಲಿ ತಿರುಪು ಕೊರೆದ ಭಾಗದಲ್ಲಿ ಎಳೆತವು ತಿರುಪಿನ ಹಳ್ಳಗಳ ತಳದಲ್ಲಿ ಒಟ್ಟುಗೂಡುವುದರಿಂದ ಬಿರುಕು ಅಲ್ಲಿಯೇ ಹುಟ್ಟುವುದು ಸಹಜ.

೨೦೧೩ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ತೀರದಲ್ಲಿ ಹಾರುತ್ತಿದ್ದ ಟೈಗರ್ ಮಾತ್ ಒಂದರ ಎಡರೆಕ್ಕೆಗಳು ಆಕಾಶದಲ್ಲಿಯೇ ಕಳಚಿದುವು. ಅದರಲ್ಲಿದ್ದ ಇಬ್ಬರೂ ಮಡಿದರು. ತನಿಖೆಯವರು ನೋಡಿದಾಗ ಆ ಎರಡು ಸರಳುಗಳೂ ತಿರುಪಿನ ಭಾಗದಲ್ಲಿ ಮುರಿದಿದ್ದುವು. ದಣಿವಿನ ಬಿರುಕುಗಳು ಅಲ್ಲಿ ಮೊದಲೇ ಬೆಳೆದಿದ್ದುವು. ಗಮನಿಸಬೇಕಾದ ಮಾತೆಂದರೆ, ಆ ಸರಳುಗಳು ವಿಮಾನದಷ್ಟು ಹಳೆಯವಲ್ಲ, ಬದಲಾಯಿಸಿ ಹಾಕಿದವು. ಅವುಗಳಿಗೆ ಗೊತ್ತುಮಾಡಿದ್ದ ಆಯುಸ್ಸಾದ ೨೦೦೦ ಹಾರಾಟದ ಗಂಟೆಗಳು ತುಂಬುವುದಕ್ಕೆ ಬಹಳ ಮೊದಲೇ ಅವು ಮುರಿದಿದ್ದುವು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ಬಿರುಕನ್ನು ಕಾಣುವ ಬಗೆ ಹೇಗೆ? ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿಯನ್ನು ಚಿಮುಕಿಸಿ ಬಲರೇಖೆಗಳನ್ನು ತೋರಿಸುವ ಪ್ರಯೋಗವನ್ನು ನಾವು ಪ್ರತಿವರ್ಷವೂ ವಿದ್ಯಾರ್ಥಿಗಳಿಂದ ಮಾಡಿಸುತ್ತೇವೆ. ಅದೇ ತತ್ತ್ವ ಇಲ್ಲಿ ಪ್ರಾಣರಕ್ಷಕವಾಗುತ್ತದೆ. ಉಕ್ಕಿನ ಸರಳನ್ನು ಬಿಚ್ಚಿ ತೆಗೆದು ಉದ್ದಕ್ಕೆ ಕಾಂತೀಕರಿಸಿದರೆ ಬಲರೇಖೆಗಳು ಅದರೊಳಗೆ ಹರಿಯುತ್ತವೆ. ಅಡ್ಡಲಾಗಿ ಬಿರುಕೊಂದಿದ್ದರೆ ರೇಖೆಗಳು ಅಲ್ಲಿ ಹೊರಕ್ಕೆ ಚಿಮ್ಮುತ್ತವೆ. ಅತಿ ನಯವಾದ ಕಬ್ಬಿಣದ ಪುಡಿಯನ್ನು ಹಾಕಿದಾಗ ಅದು ಅಲ್ಲಿಗೆ ಓಡಿಬಂದು ಸಾಲುಗಟ್ಟಿ ನಿಲ್ಲುತ್ತದೆ. ಬರಿಗಣ್ಣಿಗೆ ಕಾಣದ ಬಿರುಕು ಹೀಗೆ ಗೆರೆಯಾಗಿ ಕಾಣುತ್ತದೆ.

ಹಳೆಯ ವಿಮಾನದ ಅಭಿಮಾನಿಗಳು ಮೂಲದ ಭಾಗಗಳನ್ನು ಆದಷ್ಟೂ ಉಳಿಸಬೇಕೆಂದು ಬಯಸುವುದು ಸಹಜ. ಪ್ರದರ್ಶನಕ್ಕೆ ನಿಲ್ಲುವ ವಿಮಾನದಲ್ಲಿ ಅದು ಯುಕ್ತವೂ ಹೌದು. ಹಾರುವ ವಿಮಾನದಲ್ಲಾದರೋ ಪ್ರತಿಯೊಂದು ಭಾಗವನ್ನೂ, ಅದು ಹಳೆಯದಿರಲಿ ಹೊಸದಿರಲಿ, ಪರೀಕ್ಷಿಸಿ ಒಪ್ಪಬೇಕು. ಅದು ಎಷ್ಟು ಗಂಟೆ ದುಡಿದಿದೆ ಎಂಬ ದಾಖಲೆಯನ್ನು ಇಡಬೇಕು. ಗೊತ್ತಾದ ಅವಧಿಗೆ ಮತ್ತೆ ಬಿಚ್ಚಿ ನೋಡಬೇಕು. ಜೀರ್ಣೋದ್ಧಾರಕ್ಕೆ ವರ್ಷಗಳೇ ಹಿಡಿಯುವುದು ಬಣ್ಣ ಬಳಿಯುವ ಕೆಲಸದಿಂದಲ್ಲ. ಬಣ್ಣದ ಕೆಳಗಿರುವುದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕಾಗಿರುವುದರಿಂದ.