ಅಡಿಕೆ ತೋಟಕ್ಕೆ ಆಧಾರ ಸೊಪ್ಪಿನ ಬೆಟ್ಟ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆಯೇ ಮುಖ್ಯ ಬೆಳೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತೋಟ, ಅದರ ಅಂಚಿನಲ್ಲಿ ಮನೆ ಮತ್ತು ಕೊಟ್ಟಿಗೆ, ಮೇಲ್ಗಡೆ ಸೊಪ್ಪಿನ ಬೆಟ್ಟ: ಇದು ಇಲ್ಲಿನ ಊರುಗಳ ಸಾಮಾನ್ಯ ನೋಟ. ಅಡಿಕೆ ಮರದ ಕೆಳಗೆ ಮೆಣಸಿನ ಬಳ್ಳಿ, ಏಲಕ್ಕಿ, ಬಾಳೆ ಬೆಳೆಯುತ್ತವೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ಈ ಹೆಸರನ್ನು ಉಳಿಸಿಕೊಳ್ಳುವುದು ಕಣಿವೆಯ ತೋಟವೊಂದರಿಂದಲೇ ಸಾಧ್ಯವಿಲ್ಲ. ಮೇಲಿನ ಬೆಟ್ಟ ಬೋಳಾದರೆ ಕೆಳಗಿನ ತೋಟ ಸೊರಗುವುದು ಖಂಡಿತ.

ಬೆಟ್ಟ ಎಂದರೇನು?

ತೋಟಕ್ಕೆ ಸೊಪ್ಪು, ದರಕು, ಹುಲ್ಲು ಮತ್ತು ಮನೆಗೆ ಉರುವಲು ತರಲು ತೋಟಿಗರಿಗೆ ಬಿಟ್ಟುಕೊಟ್ಟಿರುವ ಅರಣ್ಯ ಭೂಮಿಯೇ ಸೊಪ್ಪಿನ ಬೆಟ್ಟ. ಈ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದುದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಕೊಡಲಾಗಿದೆ. ಭೂಮಿಯ ಒಡೆತನ ಸರ್ಕಾರದ್ದು. ತೋಟಿಗರಿಗೆ ಇರುವುದು ಬಳಕೆಯ ಸವಲತ್ತು ಮಾತ್ರ. ಬಳಸುವವನೇ ಕಾಯದಿದ್ದರೆ ಬೆಟ್ಟವನ್ನು ಕಾಯುವವರು ಬೇರೆ ಯಾರೂ ಇರುವುದಿಲ್ಲ.

ಮತ್ತಿ, ನಂದಿ, ಹೊನ್ನೆ, ಕಿಂದಳ, ಜಂಬೆ, ಕವಲು, ನೇರಲು ಮುಂತಾದ ಮರಗಳು ಈ ಬೆಟ್ಟಗಳಲ್ಲಿ ಕಂಡುಬರುತ್ತವೆ. ಮುರುಗಲು, ಉಪ್ಪಾಗೆ, ಅಪ್ಪೆಮಿಡಿಯ ಮಾವು ಅಡಿಗೆಮನೆಗೂ ಒದಗುತ್ತವೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ತೋಟದ ಹಳ್ಳ, ಕೆರೆಗಳಿಗೆ ಬಿಡುವುದೂ ಬೆಟ್ಟದ ಮಣ್ಣೇ. ಅಘನಾಶಿನಿ, ಬೇಡ್ತಿ ನದಿಗಳಿಗೆ ಸೇರುವ ಸಣ್ಣ ಹಳ್ಳಗಳು ಇಂತಹ ಇಳಿಜಾರುಗಳಲ್ಲಿಯೇ ಹುಟ್ಟುತ್ತವೆ.

ತೋಟಕ್ಕೆ ಎಷ್ಟು ಸೊಪ್ಪು ಬೇಕು?

ಪ್ರತಿ ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಹಾಕಬೇಕೆಂಬುದು ಶಿಫಾರಸು. 9 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ ಸುಮಾರು 540 ಮರಗಳಿರುತ್ತವೆ. ಅಂದರೆ ಸೊಪ್ಪೇ 6,480 ಕಿಲೋ ಬೇಕು. ಒಂದು ಹೊರೆ 25 ಕಿಲೋ ಎಂದು ಹಿಡಿದರೆ ಸುಮಾರು 260 ಹೊರೆ.

ಇದನ್ನು ಬೆಟ್ಟಕ್ಕೆ ಹಂಚಿ ನೋಡೋಣ. 9 ಎಕರೆಯನ್ನು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗದಲ್ಲಿ ಮಾತ್ರ ಸೊಪ್ಪು ಕಡಿದರೆ ಆ 3 ಎಕರೆಯಿಂದ ಎಕರೆಗೆ 2,160 ಕಿಲೋ ಸಿಗಬೇಕು. ಎಕರೆಗೆ 100 ಮರಗಳಿದ್ದರೆ ಒಂದು ಮರದ ಪಾಲಿಗೆ 22 ಕಿಲೋ, ಒಂದು ಹೊರೆಗಿಂತಲೂ ಕಡಿಮೆ. ಅದೇ ಎಕರೆಗೆ 20 ಮರಗಳೇ ಉಳಿದಿದ್ದರೆ ಒಂದೊಂದು ಮರದಿಂದ 108 ಕಿಲೋ, ನಾಲ್ಕು ಹೊರೆಗೂ ಹೆಚ್ಚು ತೆಗೆಯಬೇಕಾಗುತ್ತದೆ. ಆಗ ಮರ ಬೋಳಾಗುತ್ತದೆ. ಮುಂದಿನ ಸರದಿಗೆ ಚಿಗುರುವ ಶಕ್ತಿ ಅದಕ್ಕೆ ಇರುವುದಿಲ್ಲ. ಮರ ಕಡಿಮೆಯಾದಷ್ಟೂ ಉಳಿದ ಮರಗಳ ಮೇಲೆ ಭಾರ ಹೆಚ್ಚುತ್ತದೆ. ಬೆಟ್ಟ ಹಾಳಾಗುವುದು ಹೀಗೆಯೇ.

ಸೊಪ್ಪು ಕಡಿಯುವ ಕ್ರಮ

1. ಬೆಟ್ಟವನ್ನು ಮೂರು ಭಾಗ ಮಾಡಿ ಗಡಿ ಗುರುತು ಮಾಡಬೇಕು. ಒಂದು ಭಾಗವನ್ನು ಕಡಿದ ಮೇಲೆ ಎರಡು ವರ್ಷ ವಿಶ್ರಾಂತಿ ಕೊಡಬೇಕು.

2. ಮರದ ತುದಿಯ ಮೂರನೆಯ ಒಂದು ಪಾಲನ್ನು ಮುಟ್ಟಬಾರದು. ನಡುಕಾಂಡದ ತುದಿಯನ್ನು ಎಂದಿಗೂ ಕಡಿಯಬಾರದು.

3. ಹರಿತವಾದ ಕತ್ತಿಯಿಂದ ಸಣ್ಣ ರೆಂಬೆಗಳನ್ನು ಮಾತ್ರ ಕಡಿಯಬೇಕು. ರೆಂಬೆಯನ್ನು ಎಳೆದು ಸೀಳಿದರೆ ಗಾಯದಲ್ಲಿ ನೀರು ನಿಂತು ಮರ ಕೊಳೆಯುತ್ತದೆ.

4. ತಾನಾಗಿ ಹುಟ್ಟಿದ ಎಳೆ ಸಸಿಗಳನ್ನು ಸೊಪ್ಪಿಗಾಗಿ ಕಡಿಯಬಾರದು. ಕೆಲಸದವರಿಗೆ ತಿಳಿಯುವಂತೆ ಅವುಗಳ ಪಕ್ಕದಲ್ಲಿ ಗೂಟ ನೆಡುವುದು ಒಳ್ಳೆಯದು.

5. ದರಕನ್ನು ನೆಲ ಕಾಣುವಂತೆ ಗುಡಿಸಬಾರದು. ಇಳಿಜಾರಿನಲ್ಲಿ ಒಂದಿಷ್ಟು ಉಳಿದರೆ ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ.

ಬೋಳು ಬೆಟ್ಟವನ್ನು ಏನು ಮಾಡಬೇಕು?

ಮೊದಲು ದನ ಮತ್ತು ಬೆಂಕಿಯನ್ನು ತಡೆಯಬೇಕು. ಬೇಸಿಗೆಗೆ ಮುಂಚೆಯೇ ಗಡಿಯ ಸುತ್ತ 10 ಅಡಿ ಅಗಲದಲ್ಲಿ ಒಣಹುಲ್ಲು, ದರಕು ತೆಗೆದು ಬೆಂಕಿ ರೇಖೆ ಮಾಡಬೇಕು. ಹಳೆಯ ಬುಡಗಳಿಂದ ಹೊರಟ ಹಲವು ಚಿಗುರುಗಳಲ್ಲಿ ನೇರವಾದ ಒಂದೆರಡನ್ನು ಉಳಿಸಿ ಬೆಳೆಸಬೇಕು. ಇಳಿಜಾರಿಗೆ ಅಡ್ಡಲಾಗಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಇಂಗುಗುಂಡಿಗಳನ್ನು ಸಾಲು ತಪ್ಪಿಸಿ ತೆಗೆದರೆ ನೀರು ಇಂಗುತ್ತದೆ. ಖಾಲಿ ಇರುವಲ್ಲಿ ಮಳೆಗಾಲದ ಆರಂಭದಲ್ಲಿ ಊರಿನ ಜಾತಿಯ ಸಸಿಗಳನ್ನೇ ನೆಡಬೇಕು.

ಹೊರೆ ಇಳಿಸುವ ದಾರಿ

ಕೊಟ್ಟಿಗೆಗಳಲ್ಲಿ ದನಗಳು ಕಡಿಮೆಯಾಗಿವೆ. ಸೊಪ್ಪು ತರುವ ಆಳುಗಳೂ ಸಿಗುವುದು ಕಷ್ಟ. ಆದ್ದರಿಂದ ತೋಟದಲ್ಲಿಯೇ ಸಿಗುವುದನ್ನು ವ್ಯರ್ಥ ಮಾಡಬಾರದು. ಸೋಗೆ, ಹಾಳೆ, ಅಡಿಕೆ ಸಿಪ್ಪೆ ಸೇರಿ ಹೆಕ್ಟೇರಿಗೆ ವರ್ಷಕ್ಕೆ 5.5ರಿಂದ 6 ಟನ್, ಅಂದರೆ ಎಕರೆಗೆ ಎರಡು ಟನ್ನಿಗೂ ಮೇಲ್ಪಟ್ಟು ಕಸ ದೊರೆಯುತ್ತದೆ. ಇದನ್ನು ಕತ್ತರಿಸಿ ಸಗಣಿಯೊಂದಿಗೆ ಕೊಳೆಸಿ ಎರೆಗೊಬ್ಬರ ಮಾಡಬಹುದು. ಕೊಳೆರೋಗ ತಗುಲಿ ಉದುರಿದ ಕಾಯಿಗಳನ್ನು ಮಾತ್ರ ಇದರಲ್ಲಿ ಸೇರಿಸದೆ ಬೇರೆಯಾಗಿ ಆರಿಸಿ ನಾಶಪಡಿಸಬೇಕು. ಬೇಲಿಯ ಸಾಲಿನಲ್ಲಿ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡದ ಗೂಟ ನೆಟ್ಟರೆ ಮನೆಯ ಹತ್ತಿರವೇ ಸೊಪ್ಪು ಸಿಗುತ್ತದೆ.

ರಸಗೊಬ್ಬರ ಹಾಕುವವರು ಮರವೊಂದಕ್ಕೆ ವರ್ಷಕ್ಕೆ 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ ಮತ್ತು 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡಬಹುದು. ಆದರೆ ಇದು ಸೊಪ್ಪು ಗೊಬ್ಬರದ ಜೊತೆಗೇ ಹೊರತು ಅದರ ಬದಲಿಗೆ ಅಲ್ಲ. ಮಣ್ಣನ್ನು ಸಡಿಲವಾಗಿಟ್ಟು ತೇವ ಹಿಡಿಯುವ ಗುಣ ಯೂರಿಯಾಕ್ಕಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಕಾಡಿನಲ್ಲಿ ಹಳ್ಳಿಯ ಹೆಂಗಸರು ಗಂಡಸರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ‘ಅಪ್ಪಿಕೋ’ ಎಂದು ನಾಡಿಗೆಲ್ಲ ತಿಳಿದ ಚಳವಳಿ ಅದು. ಹೊರಗಿನ ಕೊಡಲಿಯನ್ನು ತಡೆದಂತೆಯೇ ನಮ್ಮ ಕೈಯಲ್ಲಿರುವ ಕತ್ತಿಗೂ ಒಂದು ಮಿತಿ ಹಾಕಿಕೊಳ್ಳಬೇಕಾಗಿದೆ. ರೈತ ಬಾಂಧವರು ಈ ಮಳೆಗಾಲಕ್ಕೆ ಮೊದಲು ತಮ್ಮ ಬೆಟ್ಟದಲ್ಲಿ ಒಮ್ಮೆ ನಡೆದು, ಎಕರೆಗೆ ಎಷ್ಟು ಮರಗಳಿವೆ ಎಂದು ಎಣಿಸಿ ನೋಡಲಿ. ಮುಂದಿನ ಕೆಲಸವೇನೆಂದು ಆ ಲೆಕ್ಕವೇ ತಿಳಿಸುತ್ತದೆ.