ಹಾಡಿನ ಚಿಕಿತ್ಸೆಗೆ ಊರಿನ ನೆರವು
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



ಸಹಾಯಾರ್ಥ ಯಕ್ಷಗಾನ, ಸಹಾಯಾರ್ಥ ನಾಟಕ, ರಸಮಂಜರಿ – ಈ ಮಾತುಗಳು ನಮಗೆ ಹೊಸದಲ್ಲ. ಯಾರದೋ ಮನೆಯಲ್ಲಿ ದೊಡ್ಡ ಆಪರೇಷನ್ ಇದ್ದರೆ, ಶಾಲೆಗೆ ಒಂದು ಕೊಠಡಿ ಬೇಕಾದರೆ ಊರವರೆಲ್ಲ ಸೇರಿ ಕಾರ್ಯಕ್ರಮ ಮಾಡಿ ಹಣ ಕೂಡಿಸಿ ಕೊಡುತ್ತಾರೆ. ಆದರೆ ವಿಶೇಷ ಮಕ್ಕಳ ಶಾಲೆಯಲ್ಲಿ ಸಂಗೀತ ಚಿಕಿತ್ಸೆ ನಡೆಸಲು ಹಣ ಬೇಕು ಅಂದ್ರೆ, "ಹಾಡು ಹೇಳಿಸೋದಕ್ಕೂ ಚಂದಾ ಎತ್ತಬೇಕಾ?" ಅಂತ ಕೇಳುವವರಿದ್ದಾರೆ. ಈ ಪ್ರಶ್ನೆ ತಪ್ಪಲ್ಲ. ಬೀಡಿ ಕಟ್ಟಿ, ಹಾಲು ಮಾರಿ, ಕೂಲಿಗೆ ಹೋಗಿ ಉಳಿತಾಯ ಮಾಡುವ ನಮಗೆ ಪ್ರತಿಯೊಂದು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕಿದೆ.

ಈ ಪಾಠದಿಂದ ನಾವು ಮೂರು ವಿಷಯ ತಿಳಿಯೋಣ:
1. ಸಂಗೀತ ಚಿಕಿತ್ಸೆ ಎಂದರೇನು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ.
2. ಬೇರೆ ಕಡೆ ಜನರು ಇದಕ್ಕೆ ಹಣ ಕೂಡಿಸಿದ್ದು ಹೇಗೆ.
3. ನಮ್ಮ ಸಂಘಗಳು ಮಾಡುವುದಾದರೆ ಗಮನಿಸಬೇಕಾದ್ದು ಏನು.

ಸಂಗೀತ ಚಿಕಿತ್ಸೆ ಎಂದರೇನು?

ಅಳುವ ಮಗುವಿಗೆ ಲಾಲಿ ಹಾಡುತ್ತೇವೆ. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡು ಹೇಳಿದರೆ ಸೊಂಟದ ನೋವು ಮರೆಯುತ್ತದೆ. ಮದುವೆಯಲ್ಲಿ ಸೋಬಾನೆ ಹೇಳುವ ಅಜ್ಜಿಗೆ ಮೊಮ್ಮಕ್ಕಳ ಹೆಸರು ಮರೆತಿದ್ದರೂ ಹಾಡಿನ ಸಾಲು ಮರೆತಿರುವುದಿಲ್ಲ. ಹಾಡಿಗೆ ಶಕ್ತಿ ಇದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ರೇಡಿಯೋ ಹಾಕಿ ಕೂರಿಸುವುದು ಸಂಗೀತ ಚಿಕಿತ್ಸೆ ಅಲ್ಲ. ಹಾಡು ಕಲಿಸಿ ವಾರ್ಷಿಕೋತ್ಸವಕ್ಕೆ ಸ್ಟೇಜಿಗೆ ಹತ್ತಿಸುವುದೂ ಅಲ್ಲ. ತರಬೇತಿ ಪಡೆದ ಒಬ್ಬರು, ಈ ವ್ಯಕ್ತಿಗೆ ಇಂಥ ಬದಲಾವಣೆ ಬೇಕು ಎಂದು ಗುರಿ ಇಟ್ಟುಕೊಂಡು, ಹಾಡು, ತಾಳ, ವಾದ್ಯಗಳನ್ನು ಬಳಸಿ, ವಾರ ವಾರ ನಡೆಸುವ ಕೆಲಸ ಇದು. ಮಾತು ಬಾರದ ಮಗು ಡೋಲು ಒಮ್ಮೆ ಬಡಿಯುತ್ತದೆ ಎಂದುಕೊಳ್ಳಿ. ಚಿಕಿತ್ಸಕರು ಅದಕ್ಕೆ ಸರಿಯಾಗಿ ಒಂದು ಸ್ವರ ನುಡಿಸುತ್ತಾರೆ. ಮಗು ತಿರುಗಿ ನೋಡುತ್ತದೆ, ಮತ್ತೆ ಬಡಿಯುತ್ತದೆ. ಮಾತಿಲ್ಲದೆ ಒಂದು ಸಂಭಾಷಣೆ ಶುರುವಾಯಿತು, ಅಲ್ವಾ?

ಪಾರ್ಶ್ವವಾಯು ಆದವರ ವಿಷಯವನ್ನೂ ನೋಡಿ. ಹೆಚ್ಚಿನವರಲ್ಲಿ ಮಾತಿನ ಕೆಲಸವನ್ನು ಮೆದುಳಿನ ಎಡಭಾಗ ನೋಡಿಕೊಳ್ಳುತ್ತದೆ. ಅಲ್ಲಿ ಪೆಟ್ಟಾದರೆ ಮಾತು ನಿಲ್ಲುತ್ತದೆ. ಆದರೆ ಹಾಡಿಗೆ ಮೆದುಳಿನ ಬೇರೆ ಭಾಗಗಳೂ ಕೆಲಸ ಮಾಡುವುದರಿಂದ, "ನೀರು" ಎಂದು ಹೇಳಲಾಗದವರು ಅದನ್ನೇ ರಾಗದಲ್ಲಿ ಹೇಳುವುದುಂಟು. ಇದರ ಆಧಾರದ ಮೇಲೆ 1973ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಚಿಕಿತ್ಸಾ ವಿಧಾನವನ್ನು ರೂಪಿಸಿದರು. 2011ರಲ್ಲಿ ತಲೆಗೆ ಗುಂಡೇಟು ಬಿದ್ದ ಅಮೆರಿಕದ ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಮತ್ತೆ ಮಾತು ಕಲಿಯುವಾಗ ಹಾಡಿನ ನೆರವು ಪಡೆದರು.

ಸುಳ್ಳು ಭರವಸೆ ಬೇಡ

ಮನೆ ಭೇಟಿಗೆ ಹೋದಾಗ ತಾಯಂದಿರು ನಮ್ಮನ್ನು ಕೇಳುವುದು ಒಂದೇ ಮಾತು: "ಸಿಸ್ಟರ್, ಇದರಿಂದ ನನ್ನ ಮಗ ಮಾತಾಡ್ತಾನಾ?" ಈ ಪ್ರಶ್ನೆಗೆ ನಿಜವನ್ನೇ ಹೇಳಬೇಕು.

ಆಟಿಸಂ ಇರುವ 364 ಮಕ್ಕಳ ಮೇಲೆ ಒಂಬತ್ತು ದೇಶಗಳಲ್ಲಿ ನಡೆದ ಅಧ್ಯಯನದ ವರದಿ 2017ರಲ್ಲಿ ಬಂತು. ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂನ ಲಕ್ಷಣಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂದು ಅದರಲ್ಲಿತ್ತು. 2022ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಒಟ್ಟಾರೆ ಸುಧಾರಣೆಗೂ ಬದುಕಿನ ಗುಣಮಟ್ಟಕ್ಕೂ ಸಹಾಯ ಆಗುವ ಸಂಭವ ಇದೆ ಎಂದು ಕಂಡುಬಂತು. ಅಂದರೆ ಇದು ಆಸರೆ, ಆದರೆ ಕಾಯಿಲೆ ಗುಣಪಡಿಸುವ ಮದ್ದಲ್ಲ. ಮಾತಿನ ತರಬೇತಿ, ಫಿಜಿಯೋಥೆರಪಿ, ಡಾಕ್ಟರ ಔಷಧಿ ಇವುಗಳ ಜೊತೆಗೆ ನಡೆಯಬೇಕೇ ಹೊರತು ಅವನ್ನು ಬಿಟ್ಟು ಅಲ್ಲ.

ಆದ್ದರಿಂದ ನಮ್ಮ ನೋಟೀಸಿನಲ್ಲಿ "ಹಾಡಿನಿಂದ ಗುಣವಾಗುತ್ತದೆ" ಎಂದು ಎಂದಿಗೂ ಅಚ್ಚು ಹಾಕಿಸಬಾರದು. ಆ ಒಂದು ಸಾಲನ್ನು ನಂಬಿ ಒಬ್ಬ ತಾಯಿ ಕಿವಿಯ ಓಲೆ ಅಡವಿಟ್ಟರೆ ಅಥವಾ ನಡೆಯುತ್ತಿರುವ ಔಷಧಿ ನಿಲ್ಲಿಸಿದರೆ ಅದರ ಹೊಣೆ ಯಾರು ಹೊರಬೇಕು?

ಇಂಗ್ಲೆಂಡಿನ ಒಂದು ಉದಾಹರಣೆ

1959ರಲ್ಲಿ ಅಮೆರಿಕದ ಸಂಗೀತ ರಚನಕಾರ ಪಾಲ್ ನಾರ್ಡಾಫ್ ಮತ್ತು ವಿಶೇಷ ಮಕ್ಕಳ ಶಿಕ್ಷಕ ಕ್ಲೈವ್ ರಾಬಿನ್ಸ್ ಇಂಗ್ಲೆಂಡಿನ ಸನ್‌ಫೀಲ್ಡ್ ಎಂಬ ಮಕ್ಕಳ ನಿಲಯದಲ್ಲಿ ಜೊತೆಯಾಗಿ ಕೆಲಸ ಶುರು ಮಾಡಿದರು. ಒಬ್ಬರು ಪಿಯಾನೋ ನುಡಿಸುವರು, ಇನ್ನೊಬ್ಬರು ಮಗುವಿನ ಪಕ್ಕದಲ್ಲಿರುವರು. ಅವರಿಬ್ಬರ ಹೆಸರಿನ ನಾರ್ಡಾಫ್ ರಾಬಿನ್ಸ್ ಸಂಸ್ಥೆ ಇಂದಿಗೂ ಬ್ರಿಟನ್ನಿನಲ್ಲಿ ಈ ಸೇವೆ ನಡೆಸುತ್ತಿದೆ.

ಇದಕ್ಕೆ ಹಣ ಎಲ್ಲಿಂದ? ಸಂಗೀತದಿಂದ ಹೊಟ್ಟೆ ಹೊರೆಯುವವರೇ ಮೊದಲು ಕೈ ಕೊಟ್ಟರು. 1976ರಲ್ಲಿ ಸಂಗೀತ ಉದ್ಯಮದವರು ಸಿಲ್ವರ್ ಕ್ಲೆಫ್ ಎಂಬ ಪ್ರಶಸ್ತಿ ಸಮಾರಂಭ ಆರಂಭಿಸಿದರು. ಮೊದಲ ಪ್ರಶಸ್ತಿ 'ದಿ ಹೂ' ತಂಡಕ್ಕೆ. ಅದರಿಂದ ಬಂದ ಹಣ ಚಿಕಿತ್ಸೆಗೆ ಹೋಯಿತು. 1990ರ ಜೂನ್ 30ರಂದು ನೆಬ್‌ವರ್ತ್ ಎಂಬಲ್ಲಿ ನಡೆದ ದೊಡ್ಡ ಸಹಾಯಾರ್ಥ ಸಂಗೀತ ಕಾರ್ಯಕ್ರಮಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು.

ಅಷ್ಟು ದೊಡ್ಡದು ನಮ್ಮಿಂದ ಆಗದ ಮಾತು. ಆದರೆ ಅದೇ ಸಂಸ್ಥೆ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಕ್ಯಾರಲ್ ಗಾಯನ ಇಟ್ಟು ಕೂಡಾ ಹಣ ಕೂಡಿಸುತ್ತದೆ. ಮನೆ ಮನೆಗೆ ಕ್ಯಾರಲ್ ಹೋಗುವುದು ನಮ್ಮೂರಿನಲ್ಲೂ ಉಂಟಲ್ಲ! ಆ ಸಂಸ್ಥೆಯಿಂದ ನಾವು ಕಲಿಯಬೇಕಾದ್ದು ಮುಖ್ಯವಾಗಿ ಬೇರೊಂದಿದೆ. ಅವರು ಒಂದು ದಿನ ಕಾರ್ಯಕ್ರಮ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ವರ್ಷ ವರ್ಷವೂ ಮಾಡಿದರು. ಚಿಕಿತ್ಸೆ ವಾರ ವಾರ ನಡೆಯುವಂಥದ್ದು. ಮಗು ಚಿಕಿತ್ಸಕರಿಗೆ ಹೊಂದಿಕೊಳ್ಳುವಷ್ಟರಲ್ಲಿ ಹಣ ಮುಗಿದು ನಿಂತುಹೋದರೆ, ಹಿಡಿದ ಕೈಯನ್ನು ನಡುದಾರಿಯಲ್ಲಿ ಬಿಟ್ಟ ಹಾಗೆ.

ಮೊದಲು ಲೆಕ್ಕ, ಆಮೇಲೆ ಶಾಮಿಯಾನ

ನಾವು ಹೆಚ್ಚಾಗಿ ತಾರೀಕು ಗೊತ್ತು ಮಾಡಿ, ಮೈಕ್‌ಸೆಟ್ಟಿಗೆ ಮುಂಗಡ ಕೊಟ್ಟು, ಆಮೇಲೆ ಎಷ್ಟು ಬಂತು ಎಂದು ಎಣಿಸುತ್ತೇವೆ. ಇದನ್ನು ತಿರುಗಿಸಿ ಮಾಡೋಣ. ಈ ಕೆಳಗಿನ ಸಂಖ್ಯೆಗಳು ಲೆಕ್ಕ ಕಲಿಯಲು ಮಾತ್ರ; ನಿಮ್ಮ ಊರಿನ ದರ ವಿಚಾರಿಸಿ ತುಂಬಿಸಿಕೊಳ್ಳಿ.

- ಒಂದು ದಿನದ ಚಿಕಿತ್ಸೆಗೆ 700 ರೂ., ವರ್ಷಕ್ಕೆ 40 ವಾರ: ಬೇಕಾದ್ದು 28,000 ರೂ.
- ಕಾರ್ಯಕ್ರಮದ ಒಟ್ಟು ಸಂಗ್ರಹ: 45,000 ರೂ.
- ಶಾಮಿಯಾನ, ಮೈಕ್, ಅಚ್ಚು, ತಿಂಡಿ ಸಾಮಾನಿನ ಖರ್ಚು: 19,000 ರೂ.
- ಕೈಗೆ ಉಳಿದದ್ದು: 26,000 ರೂ. ಅಂದರೆ 2,000 ರೂ. ಕಡಿಮೆ.

ಈಗ ನಾಲ್ಕು ಸಂಘಗಳ 60 ಸದಸ್ಯೆಯರು ತಿಂಗಳಿಗೆ 10 ರೂ. ಹಾಕಿದರೆ ವರ್ಷಕ್ಕೆ 7,200 ರೂ. ಆಗುತ್ತದೆ. ಕೊರತೆ ತುಂಬಿ 5,200 ರೂ. ಮುಂದಿನ ವರ್ಷಕ್ಕೂ ಉಳಿಯುತ್ತದೆ. ಈ ಹತ್ತು ರೂಪಾಯಿ ಮನಸ್ಸಿದ್ದವರು ಕೊಡುವಂಥದ್ದು, ಒತ್ತಾಯ ಬೇಡ. ಸಂಘದ ಉಳಿತಾಯದ ಹಣವನ್ನಂತೂ ಮುಟ್ಟಲೇ ಬಾರದು.

ಕಾರ್ಯಕ್ರಮ ಹೇಗಿರಲಿ?

ಕಲಾವಿದರಿಗೆ ದೊಡ್ಡ ಸಂಭಾವನೆ ಕೊಟ್ಟರೆ ಚಿಕಿತ್ಸೆಗೆ ಉಳಿಯುವುದು ಪುಡಿಗಾಸು. ನಮ್ಮವರೇ ಹಾಡಲಿ: ಸೋಬಾನೆ, ಪಾಡ್ದನ, ಭಜನೆ, ಕ್ಯಾರಲ್, ಗುಮಟೆಯ ಹಾಡು. ಸಂಘದವರು ತಿಂಡಿಯ ಸ್ಟಾಲ್ ಇಡಬಹುದು. ಮನೆಯಲ್ಲಿ ಬೆಳೆದ ಬಾಳೆಗೊನೆ, ಕುಂಬಳಕಾಯಿ, ಊರ ಕೋಳಿಗಳ ಏಲಂ ಮಾಡಬಹುದು. ಖರ್ಚಿಲ್ಲದ ಆದಾಯ ಅಂದ್ರೆ ಇದೇ.

ನಿಯಮಗಳನ್ನು ನೆನಪಿಡಿ. ಧ್ವನಿವರ್ಧಕಕ್ಕೆ ಅನುಮತಿ ಪಡೆಯಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಷೇಧವಾಗಿದೆ. ಚೀಟಿ ಮಾರಿ ಬಹುಮಾನ ಎತ್ತುವ ಲಕ್ಕಿ ಡಿಪ್ ತೊಂದರೆಗೆ ದಾರಿ, ಬಿಡುವುದೇ ಲೇಸು. ಟಿಕೆಟ್ ಇಟ್ಟು ಸಿನಿಮಾ ಹಾಡು ಹಾಡಿಸುವುದಾದರೆ ಹಕ್ಕುಸ್ವಾಮ್ಯದ ಪರವಾನಗಿ ಬಗ್ಗೆ ಮೊದಲೇ ವಿಚಾರಿಸಿ.

ಪ್ರತಿ ದಾನಕ್ಕೂ ನಂಬರಿರುವ ರಶೀದಿ ಕೊಡಿ. ಹಣ ಎಣಿಸುವಾಗ ಮೂವರು ಇರಲಿ, ಮರುದಿನವೇ ಬ್ಯಾಂಕಿಗೆ ಹೋಗಲಿ. ಹದಿನೈದು ದಿನದೊಳಗೆ ಜಮಾ-ಖರ್ಚನ್ನು ಊರವರ ಮುಂದೆ ಓದಿ ಹೇಳಿ. ಲೆಕ್ಕ ಕೇಳಿದವರ ಮೇಲೆ ಸಿಟ್ಟಾಗಬಾರದು. ಮುಂದಿನ ವರ್ಷ ಮತ್ತೆ ಕೊಡಲು ಮನಸ್ಸಿರುವವರೇ ಲೆಕ್ಕ ಕೇಳುವುದು.

ಮಗುವಿನ ಮಾನ ಮೊದಲು

ಹಣ ಹೆಚ್ಚು ಬರಲಿ ಎಂದು ಮಗುವನ್ನು ವೇದಿಕೆಗೆ ಎತ್ತಿಕೊಂಡು ಬಂದು, ತಾಯಿಯ ಕೈಗೆ ಮೈಕ್ ಕೊಟ್ಟು ಅಳಿಸುವುದನ್ನು ನಾವು ಕಂಡಿದ್ದೇವೆ. ಡಬ್ಬಿಗೆ ನೋಟು ಬೀಳುತ್ತದೆ, ನಿಜ. ಆದರೆ ನಾಳೆ ಅದೇ ತಾಯಿ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಫೋಟೋ, ಹೆಸರು, ಕಾಯಿಲೆಯ ವಿವರ ನೋಟೀಸಿನಲ್ಲಿ ಬೇಡ. ಅದು ವಾಟ್ಸಾಪಿನಲ್ಲಿ ಹೋದ ಮೇಲೆ ವಾಪಸು ತರಲಾಗದು. ಮಗುವಿಗೆ ಇಷ್ಟವಿದ್ದರೆ ಡೋಲು ಬಾರಿಸಲಿ, ಎಲ್ಲರ ಹಾಗೆ ಚಪ್ಪಾಳೆ ಪಡೆಯಲಿ. ಪಾಪ ಅನ್ನಿಸಿಕೊಳ್ಳಲು ಅಲ್ಲ.

ಸಭೆಯಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ ಮನೆಯಿಂದ ಹೊರಗೆ ಬಾರದ ವಿಶೇಷ ಮಕ್ಕಳು, ಪಾರ್ಶ್ವವಾಯು ಆದವರು, ಮರೆವಿನ ಕಾಯಿಲೆಯ ಹಿರಿಯರು ಎಷ್ಟು ಮಂದಿ ಇದ್ದಾರೆ? ಕೊನೆಯ ಸಲ ನಾವು ಅವರ ಮನೆಗೆ ಹೋದದ್ದು ಯಾವಾಗ?
2. ಚಿಕಿತ್ಸಕರನ್ನು ಗೊತ್ತು ಮಾಡುವ ಮೊದಲು ಏನೇನು ಕೇಳಬೇಕು? (ಎಲ್ಲಿ ಕಲಿತಿರಿ? ಎಷ್ಟು ಸಮಯ ಕಲಿತಿರಿ? ಗುರಿ ಏನು? ಸುಧಾರಣೆಯನ್ನು ಹೇಗೆ ಬರೆದಿಡುತ್ತೀರಿ?)
3. ಹಿಂದೆ ನಮ್ಮೂರಲ್ಲಿ ಆದ ಒಂದು ಸಹಾಯಾರ್ಥ ಕಾರ್ಯಕ್ರಮದ ಜಮಾ-ಖರ್ಚು ನಮಗೆ ಗೊತ್ತಿದೆಯೇ?

ನಾವು ಕೈಗೊಳ್ಳುವ ನಿರ್ಧಾರ

ಮುಂದಿನ ಸಭೆಯೊಳಗೆ ಪ್ರತಿ ಸಂಘದ ಇಬ್ಬರು ಸದಸ್ಯೆಯರು ಇಂಥ ಒಂದು ಮನೆಗೆ ಹೋಗಿ ಬರಲಿ. ಕೈಯಲ್ಲಿ ರಶೀದಿ ಪುಸ್ತಕ ಬೇಡ. ಆ ತಾಯಿಗೆ ನಿಜವಾಗಿ ಏನು ಬೇಕು ಎಂದು ಕೇಳಿಕೊಂಡು ಬನ್ನಿ. ಸಂಗೀತ ಚಿಕಿತ್ಸೆಗಿಂತ ಮೊದಲು ಗಾಲಿಕುರ್ಚಿ ಬೇಕು, ಅಂಗವಿಕಲರ ಗುರುತಿನ ಚೀಟಿ ಮಾಡಿಸಬೇಕು ಎಂದರೆ ಅದನ್ನೇ ಮೊದಲು ಮಾಡೋಣ. ಅವರು ಹೇಳಿದ್ದನ್ನು ಬರೆದು ತನ್ನಿ. ಕಾರ್ಯಕ್ರಮ ಬೇಕೋ ಬೇಡವೋ, ಬೇಕಾದರೆ ಎಷ್ಟರದ್ದು ಎಂದು ಆಮೇಲೆ ಒಟ್ಟಿಗೆ ಕೂತು ತೀರ್ಮಾನಿಸೋಣ.